ರಾತ್ರಿ ಬೀಚಲ್ಲಿ ನೀರುಗಂಟಿ ಕೆಲಸ

ಫೋಟೋ 1: ಅಂಗೈಯಲ್ಲಿರೋದು

ಹೋದ ವಾರ ಸ್ಟೋರಿ ಹಾಕಿದ್ಮೇಲೆ ಬಂದ ಮೆಸೇಜುಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ: "ಚಿನ್ನ ಸಿಕ್ತಾ?" ಸಿಗ್ಲಿಲ್ಲ ಕಣ್ರಪ್ಪ. ಲೆಕ್ಕ ಹೇಳ್ಬಿಡ್ತೀನಿ. ಬಾಟಲಿ ಮುಚ್ಚಳ ಹನ್ನೊಂದು, ಮೀನಿನ ಬಲೆಗೆ ಕಟ್ಟೋ ಸೀಸದ ಗುಂಡು ನಾಲ್ಕು, ತುಕ್ಕು ಹಿಡಿದ ಗಾಳ ಎರಡು, ಐದು ರೂಪಾಯಿ ನಾಣ್ಯ ಒಂದು, ಎರಡು ರೂಪಾಯಿದು ಮೂರು, ಒಂಟಿ ಓಲೆ ಒಂದು, ಅದೂ ಗಿಲೀಟು. ಒಟ್ಟು ನಗದು 11 ರೂಪಾಯಿ. ಯಶವಂತಪುರದಿಂದ ಕುಮಟಾಗೆ ಪಂಚಗಂಗಾ ಎಕ್ಸ್‌ಪ್ರೆಸ್ ಟಿಕೆಟ್ ದುಡ್ಡು ಬೇರೆ ಲೆಕ್ಕ.

ಇನ್ನುಳಿದ ಕಾಲು ಪಾಲು ಜನ ಕೇಳಿದ್ದು, "ಮುಂದಿನ ಸಲ ನಮ್ಮನ್ನೂ ಕರ್ಕೊಂಡು ಹೋಗೇ." ಅವರಿಗೋಸ್ಕರ ಇದನ್ನ ಬರೀತಿದೀನಿ. ಉದ್ದ ಇದೆ. ಬಸ್ಸಲ್ಲಿ ಕೂತಾಗ ಓದ್ಕೊಳ್ಳಿ.

ಫೋಟೋ 2: ನಮ್ಮನೆ ಹಿತ್ತಲು, ಅಜ್ಜಿಯ ಅರ್ಧ ಮುಖ

ಮೆಷಿನ್ ಭಾವಂದು. ಆನ್‌ಲೈನಲ್ಲಿ ತರಿಸಿದ್ದು. ಊರಿಗೆ ಬಂದಾಗ ಹಿತ್ತಲಲ್ಲಿ ಆನ್ ಮಾಡಿದ್ರು ಅಷ್ಟೇ, ಅಜ್ಜಿ ಓಡಿ ಬಂದು, "ಒಳಗಿಕ್ಕಪ್ಪ ಅದನ್ನ, ನಿಧಿ ತೆಗೆಯೋರು ಅಂದ್ಕೊಂಡಾರು" ಅಂದ್ರು. ನಗಬೇಡಿ. ನಮ್ಮೂರಲ್ಲಿ ಆ ಭಯಕ್ಕೆ ಕಾರಣ ಇದೆ. ಪಕ್ಕದ ಮಣ್ಣೆ ಸುಮ್ನೆ ಒಂದು ಹಳ್ಳಿ ಅಲ್ಲ, ಗಂಗರ ಮಾನ್ಯಪುರ ಅದೇ. 8ನೇ ಶತಮಾನದಲ್ಲಿ ಶ್ರೀಪುರುಷನ ಕಾಲಕ್ಕೆ ರಾಜಧಾನಿ. ಇಂಥ ಕಡೆ ರಾತ್ರಿ ಹೊತ್ತು ಈ ಮೆಷಿನ್ ಹಿಡ್ಕೊಂಡು ಓಡಾಡಿದ್ರೆ ಹವ್ಯಾಸ ಅಂತ ಯಾರೂ ನಂಬಲ್ಲ, ನಂಬಲೂ ಬಾರದು. ಹಳೆ ಗುಡಿ, ಶಾಸನ ಇರೋ ಜಾಗದಲ್ಲಿ ಅಗೆಯೋದು ಅಪರಾಧ. ನಿಧಿಗೆ ಅಂತಲೇ ಕರ್ನಾಟಕದಲ್ಲಿ 1962ರ ಕಾಯ್ದೆ ಇದೆ. ನೆಲದೊಳಗೆ ಹಳೆ ಕಾಲದ ಬೆಲೆಬಾಳೋ ವಸ್ತು ಸಿಕ್ಕಿದ್ರೆ ಸರ್ಕಾರಕ್ಕೆ ತಿಳಿಸಬೇಕು, ಜೇಬಿಗೆ ಹಾಕ್ಕೊಳ್ಳೋ ಹಾಗಿಲ್ಲ. ಮಣ್ಣೆ ಕಡೆ ರೀಲ್ಸ್ ಮಾಡೋಣ ಅಂತ ಇಬ್ಬರು ಕೇಳಿದ್ರಿ. ಬೇಡ. ಅಷ್ಟೇ ಉತ್ತರ.

ಬೀಚಾದ್ರೆ ಬೀಳೋದು ಪ್ರವಾಸಿಗರ ಚಿಲ್ಲರೆ, ಓಲೆ, ಉಂಗುರ. ಅಕ್ಕ ಭಾವ ಇರೋದು ಕುಮಟಾದಲ್ಲಿ, ಅಕ್ಕಂಗೆ ಅಲ್ಲೇ ಕೆಲಸ. ಅದಕ್ಕೆ ಅಲ್ಲಿಗೆ ಹೋಗಿದ್ದು, ಫೆಬ್ರವರಿಯಲ್ಲಿ. ಕತ್ತಲಾದ ಮೇಲೆ ಯಾಕೆ ಅಂದ್ರೆ, ಹಗಲು ಆ ಬಿಸಿಲಲ್ಲಿ ಬಗ್ಗಿ ಅಗೆಯಕ್ಕಾಗಲ್ಲ, ಜನರ ಕಾಲ ಮಧ್ಯೆ ಮೆಷಿನ್ ಆಡ್ಸಕ್ಕೂ ಆಗಲ್ಲ.

ಫೋಟೋ 3: ಎಡಕ್ಕೆ ನಮ್ಮ ಕೆರೆ, ಬಲಕ್ಕೆ ಕುಮಟಾ

ನಾವು ಬಯಲುಸೀಮೆ ಮಕ್ಕಳು. ನಮಗೆ ನೀರು ಅಂದ್ರೆ ಕೆರೆ. ಬೆಳಗ್ಗೆ ನೀರು ಎಲ್ಲಿ ನಿಂತಿತ್ತೋ ಸಂಜೆಗೂ ಅಲ್ಲೇ ನಿಂತಿರುತ್ತೆ. ಇಳಿಯೋಕೆ ತಿಂಗಳು ಬೇಕು, ಏರೋಕೆ ಮಳೆ ಬೇಕು. ಸಮುದ್ರಕ್ಕೆ ಮಳೆ ಗಿಳೆ ಏನೂ ಬೇಡ. ದಿನಕ್ಕೆ ಎರಡು ಸಲ ಏರುತ್ತೆ, ಎರಡು ಸಲ ಇಳಿಯುತ್ತೆ, ಹೊತ್ತು ದಿನಾ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತೆ. ಅಂದ್ರೆ ನಿನ್ನೆ ಈ ಟೈಮಲ್ಲಿ ಇಲ್ಲಿ ಒಣ ಮರಳಿತ್ತು ಅನ್ನೋ ಮಾತಿಗೆ ಇವತ್ತು ಅರ್ಧ ಬೆಲೆ, ಮುಂದಿನ ವಾರಕ್ಕೆ ಬೆಲೆನೇ ಇಲ್ಲ.

2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದಲ್ಲಿ ಪ್ರವಾಸಕ್ಕೆ ಹೋದ ನಾಲ್ಕು ಜನ ವಿದ್ಯಾರ್ಥಿನಿಯರು ತೀರ್ಕೊಂಡಿದ್ದು ನೆನಪಿದೆಯಲ್ಲ? ಅವರು ಮುಳಬಾಗಿಲು ಕಡೆಯವರು. ನಮ್ಮ ಥರಾನೇ ಸಮುದ್ರದಿಂದ ದೂರ ಹುಟ್ಟಿ ಬೆಳೆದವರು. ಅದು ಹಗಲು, ಸುತ್ತ ಜನ ಇದ್ದರು. ಕತ್ತಲಾದ ಮೇಲೆ ಜೀವರಕ್ಷಕರು ಇರಲ್ಲ, ಕಿರುಚಿದ್ರೆ ಅಲೆ ಸದ್ದಲ್ಲಿ ಕೇಳಲ್ಲ. ಆ ಸುದ್ದಿ ಓದಿದ ದಿನ ಅಮ್ಮ ಫೋನ್ ಪಕ್ಕಕ್ಕಿಟ್ಟು ಸುಮಾರು ಹೊತ್ತು ಮಾತಾಡಿರ್ಲಿಲ್ಲ. ಹೊರಡೋ ಮುಂಚೆ ಅಮ್ಮಂಗೆ ನಾನು ಕೊಟ್ಟ ಮಾತು ಒಂದೇ: ನಾನು ಮೆಷಿನ್ ಮುಟ್ಟಲ್ಲ, ನೀರು ನೋಡ್ಕೊಳ್ತೀನಿ.

ಫೋಟೋ 4: ಮರಳಲ್ಲಿ ನೆಟ್ಟ ಕೋಲು

ಇದೇ ನಾನು ಹೇಳ್ಬೇಕು ಅಂತಿದ್ದ ಮುಖ್ಯ ವಿಷಯ, ನಿಧಾನಕ್ಕೆ ಓದಿ.

ಮೆಟಲ್ ಡಿಟೆಕ್ಟರ್ ಹಿಡಿದವರನ್ನ ಒಂದು ಹತ್ತು ನಿಮಿಷ ನೋಡಿ. ಕಿವಿಗೆ ಹೆಡ್‌ಫೋನ್. ಕಣ್ಣು ಕಾಲಬುಡದ ತಟ್ಟೆ ಮೇಲೆ. ಟಾರ್ಚ್ ಬೆಳಕು ಎರಡು ಅಡಿ ಅಗಲ. ಒದ್ದೆ ಉಪ್ಪು ಮರಳಲ್ಲಿ ವಿದ್ಯುತ್ ಹರಿಯುತ್ತೆ ನೋಡಿ, ಹಾಗಾಗಿ ಸಾಧಾರಣ ಮೆಷಿನ್‌ಗಳು ಏನೂ ಇಲ್ಲದಿದ್ರೂ ಕುಂಯ್ ಕುಂಯ್ ಅಂತಿರ್ತವೆ. ಅದನ್ನ ಸರಿ ಮಾಡೋಕೆ ಬಟನ್ ಒತ್ತುತ್ತಾ ಇನ್ನೂ ಬಗ್ತಾರೆ. ಕಿವಿನೂ ಇಲ್ಲ, ಕಣ್ಣೂ ಇಲ್ಲ, ಬೆನ್ನು ಸಮುದ್ರದ ಕಡೆ. ಅಂಥವರಿಗೆ "ಹುಷಾರಾಗಿರಿ" ಅಂತ ಹೇಳಿದ್ರೆ ಏನು ಪ್ರಯೋಜನ? ಹುಷಾರಾಗಿರೋಕೆ ಬೇಕಾದ್ದೆಲ್ಲ ಮೆಷಿನ್‌ಗೆ ಕೊಟ್ಟಾಗಿದೆ.

ಅದಕ್ಕೆ ಒಬ್ಬರು ಹುಡುಕಬಾರದು. ಬರೀ ನೀರು ನೋಡ್ಬೇಕು.

ನಮ್ಮ ಕಡೆ ಕೆರೆಗೆ ನೀರುಗಂಟಿ ಇರ್ತಿದ್ರು ಅಂತ ಅಜ್ಜಿ ಹೇಳೋದು ಕೇಳಿರ್ತೀರಿ. ತೂಬು ಯಾವಾಗ ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು, ಯಾವಾಗ ಮುಚ್ಚಬೇಕು, ಎಲ್ಲ ಅವರ ಮಾತು. ಗೌಡರ ಗದ್ದೆ ಆದ್ರೂ ನೀರುಗಂಟಿ ನಿಲ್ಲಿಸು ಅಂದ್ರೆ ನಿಲ್ಲಿಸಬೇಕು. ಬೀಚಲ್ಲಿ ನಾನು ಕೇಳಿ ಪಡ್ಕೊಂಡಿದ್ದು ಆ ಪೋಸ್ಟು. ಹುಡುಗಿ ಅಂತ ಸುಮ್ನೆ ಪಕ್ಕಕ್ಕೆ ನಿಲ್ಸಿದ್ರು ಅಂದ್ಕೊಂಡವರಿಗೆ ಈ ಪ್ಯಾರಾ.

ಲೆಕ್ಕ ಹಗಲೇ ಹಾಕಿದ್ವಿ. ಅಮಾವಾಸ್ಯೆ ಕಳೆದು ಎರಡನೇ ದಿನ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಲ್ಲಿ ನೀರು ಜಾಸ್ತಿ ಇಳಿಯುತ್ತೆ, ಹಾಗೇ ಜಾಸ್ತಿ ಏರುತ್ತೆ. ಸಂಜೆ ಐದೂವರೆಗೆ ಪೂರ್ತಿ ಇಳಿತ, ನಡುರಾತ್ರಿ ಹತ್ತಿರ ಉಬ್ಬರ. ಅಲ್ಲಿಯವರು ಉಬ್ಬರಕ್ಕೆ ಭರತ ಅಂತಾರೆ. ಈ ಆರು ಗಂಟೆಯಲ್ಲಿ ನೀರು ಒಂದೇ ಸಮ ಏರಲ್ಲ. ಏರೋದನ್ನ ಹನ್ನೆರಡು ಪಾಲು ಮಾಡಿದ್ರೆ ಮೊದಲ ಗಂಟೆ ಒಂದು ಪಾಲು, ಎರಡನೇ ಗಂಟೆ ಎರಡು, ಮೂರನೇದು ಮೂರು, ನಾಲ್ಕನೇದು ಮೂರು, ಆಮೇಲೆ ಎರಡು, ಒಂದು. ಮೊದಲ ಗಂಟೆ ನೋಡಿ, ಅಯ್ಯೋ ಏನೂ ಏರಲೇ ಇಲ್ಲ ಅಂತ ಧೈರ್ಯ ಬರುತ್ತೆ. ಆ ಧೈರ್ಯಕ್ಕೆ ಮೂರನೇ ಗಂಟೆ ಕಾಯ್ತಿರುತ್ತೆ. ಇನ್ನೊಂದು: ನೀರು ಏರೋದು ಒಂದೂವರೆ ಮೀಟರ್ ಅಂತ ಇಟ್ಕೊಳ್ಳಿ. ನೂರು ಮೀಟರಿಗೆ ಮೂರು ಮೀಟರ್ ಇಳಿಜಾರಿರೋ ಬೀಚಲ್ಲಿ ಅದು ಐವತ್ತು ಮೀಟರ್ ಒಳಗೆ ಬರುತ್ತೆ.

ಮೂರು ಕೋಲು ನೆಟ್ಟೆ. ಒಂದು ನೀರಿನಂಚಿಂದ ಹತ್ತು ಹೆಜ್ಜೆ, ಇನ್ನೊಂದು ಇಪ್ಪತ್ತು ಹೆಜ್ಜೆ, ಮೂರನೇದು ವಾಪಸ್ ಬರೋ ದಾರೀಲಿ ಒಂದು ಸಣ್ಣ ಹಳ್ಳ ಸಮುದ್ರಕ್ಕೆ ಸೇರೋ ಜಾಗದ ದಡದಲ್ಲಿ. ಎರಡನೇ ಕೋಲು ಮುಟ್ಟಿದ್ರೆ ವಾಪಸ್, ಪ್ರಶ್ನೆ ಇಲ್ಲ. ಇದನ್ನ ಊಟದ ಮನೇಲಿ, ಬೆಳಕಲ್ಲಿ, ಅಕ್ಕನ ಎದುರಿಗೆ ಒಪ್ಪಿಸಿದ್ದೆ.

ಫೋಟೋ 5: ಏನೂ ಕಾಣಲ್ಲ, ಕತ್ತಲು. ಆದ್ರೂ ಹಾಕಿದೀನಿ

ಆರು ಗಂಟೆಗೆ ಆ ಹಳ್ಳ ದಾಟುವಾಗ ನೀರು ಹಿಮ್ಮಡಿಗಿಂತ ಸ್ವಲ್ಪ ಮೇಲೆ. ಆಚೆ ಕಡೆ ಜನ ಜಾಸ್ತಿ ಕೂರೋ ಜಾಗ, ಅದರಾಚೆ ಬಂಡೆ. ಬರೋಕೆ ಹೋಗೋಕೆ ಅದೊಂದೇ ದಾರಿ.

ಏಳು ಮುಕ್ಕಾಲಿಗೆ ಮೊದಲ ಕೋಲು ಬಿತ್ತು. ಎಂಟು ದಾಟಿ ಸ್ವಲ್ಪ ಹೊತ್ತಿಗೆ ಎರಡನೇ ಕೋಲಿನ ಬುಡ ಒದ್ದೆ. ಸರಿಯಾಗಿ ಆಗಲೇ ಭಾವನ ಮೆಷಿನ್‌ಗೆ ಅವತ್ತಿನ ಅತಿ ಜೋರು ಸದ್ದು ಬಂದಿದ್ದು. ಮೊಣಕಾಲಷ್ಟು ಆಳ ಅಗೆದಿದ್ರು. "ಇನ್ನೈದೇ ನಿಮಿಷ ಕಣೇ, ಇದು ಮುಚ್ಚಳ ಅಲ್ಲ, ಸದ್ದೇ ಬೇರೆ ಇದೆ." ಭಾವ ಒಳ್ಳೆಯವರು, ನನಗಿಂತ ಹನ್ನೆರಡು ವರ್ಷ ದೊಡ್ಡವರು, ಅವರ ಎದುರು ನಾನು ಜೋರಾಗಿ ಮಾತಾಡಿದ್ದೇ ಇಲ್ಲ. ಕೈಸಲಿಕೆ ತಗೊಂಡು ನನ್ನ ಬ್ಯಾಗಿಗೆ ಹಾಕ್ಕೊಂಡೆ. "ಕೋಲು ಮುಟ್ಟಿದೆ ಭಾವ, ಬನ್ನಿ." ಒಂದು ಕ್ಷಣ ಮುಖ ಗಂಟಿಕ್ಕಿದ್ರು. ಆಮೇಲೆ ಕಾಲಲ್ಲೇ ಮರಳು ತಳ್ಳಿ ಗುಂಡಿ ಮುಚ್ಚಿ ಎದ್ದು ಬಂದ್ರು.

ಹಳ್ಳದಲ್ಲಿ ಅಷ್ಟೊತ್ತಿಗೆ ನನಗೆ ತೊಡೆಮಟ್ಟ. ಕೆಳಗಿನ ಮರಳು ಜಾರ್ತಿತ್ತು, ನೀರು ಹೊರಗಿಂದ ಒಳಕ್ಕೆ ನುಗ್ತಿತ್ತು. ಭಾವ ಮೆಷಿನ್ನಿನ ಪಟ್ಟಿ ತೋಳಿಂದ ಬಿಚ್ಚಿ ಬರೀ ಕೈಯಲ್ಲಿ ಹಿಡ್ಕೊಂಡ್ರು. ಎಳೆದ್ರೆ ಮೆಷಿನ್ ಹೋಗ್ಲಿ, ಕೈ ಸಿಕ್ಕಿಹಾಕ್ಕೊಳ್ಳೋದು ಬೇಡ ಅಂತ. ಇನ್ನೊಂದು ಕೈ ನನ್ನ ಭುಜದ ಮೇಲೆ. ದಾಟಿದ್ವಿ, ಮನೆಗೆ ಬಂದ್ವಿ, ಅಕ್ಕ ನೀರ್‌ದೋಸೆ ಹಾಕಿಕೊಟ್ಲು.

ಮಾರನೇ ದಿನ ಪಕ್ಕದ್ಮನೆ ಮೀನುಗಾರ ಅಣ್ಣಂಗೆ ಹೇಳಿದ್ರೆ ಅವರು ನಗಲಿಲ್ಲ, ಬೈಯಲೂ ಇಲ್ಲ. ಭರತ ಪೂರ್ತಿ ಬಂದಾಗ ಆ ಹಳ್ಳದೊಳಗೆ ನಾವು ದೋಣಿ ತರ್ತೀವಿ ಅಂದ್ರು ಅಷ್ಟೇ. ಭಾವ ನನ್ನ ಮುಖ ನೋಡಿದ್ರು. ನಾನು ದೋಸೆ ನೋಡ್ದೆ.

ಆ ಸದ್ದು ಏನಿತ್ತು ಅಂತ ಕೇಳ್ಬೇಡಿ, ಗೊತ್ತಿಲ್ಲ. ಬೆಳಗ್ಗೆ ಹೋದಾಗ ಅಲ್ಲಿ ಗುಂಡಿನೂ ಇಲ್ಲ, ಗುರುತೂ ಇಲ್ಲ, ಮರಳು ನುಣ್ಣಗೆ ಇತ್ತು.

ಫೋಟೋ 6: ಕೆಂಪು ಟಾರ್ಚ್

ಇದು ಸ್ಟೈಲಿಗಲ್ಲ. ಚಳಿಗಾಲದಿಂದ ಮಾರ್ಚ್‌ವರೆಗೆ ಉತ್ತರ ಕನ್ನಡದ ತೀರಕ್ಕೆ ಆಲಿವ್ ರಿಡ್ಲಿ ಕಡಲಾಮೆಗಳು ರಾತ್ರಿ ಹೊತ್ತು ಮೊಟ್ಟೆ ಇಡೋಕೆ ಬರ್ತವೆ. ಹೊನ್ನಾವರದ ಕಾಸರಕೋಡು ಟೊಂಕದ ಕಡೆ ಹೆಸರುವಾಸಿ. ಬಿಳಿ ಬೆಳಕು ಕಂಡ್ರೆ ತಾಯಿ ಆಮೆ ವಾಪಸ್ ಹೋಗ್ಬಿಡುತ್ತೆ, ಮರಿಗಳು ಸಮುದ್ರ ಬಿಟ್ಟು ಬೆಳಕಿನ ಕಡೆ ನಡೀತವೆ. ಟ್ರ್ಯಾಕ್ಟರ್ ಚಕ್ರ ಹೋದ ಹಾಗೆ ಮರಳಲ್ಲಿ ಗುರುತು ಕಂಡ್ರೆ ಅಲ್ಲಿ ಅಗೀಬೇಡಿ, ಅರಣ್ಯ ಇಲಾಖೆಗೆ ತಿಳಿಸಿ. ಬೇಲಿ ಹಾಕಿರೋ ಗೂಡಿನ ಹತ್ರ ಅಂತೂ ಮೆಷಿನ್ ಆಡಿಸ್ಲೇಬೇಡಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಈ ಆಮೆಗೂ ಹುಲಿಗೂ ಒಂದೇ ಪಟ್ಟಿ.

ಫೋಟೋ 7: ಬ್ಯಾಗು

ಮೆಸೇಜಲ್ಲಿ ಕೇಳಿದ ಚಿಲ್ಲರೆ ಪ್ರಶ್ನೆಗಳು. ಹೆಡ್‌ಫೋನ್ ಒಂದೇ ಕಿವಿಗೆ. ಚಪ್ಪಲಿ ಬೇಡ, ಶೂ ಹಾಕ್ಕೊಳ್ಳಿ, ಆ ಎರಡು ಗಾಳ ನೋಡಿದ್ರಲ್ಲ. ಗುಂಡಿ ಮೊಣಕಾಲಿಗಿಂತ ಆಳ ಬೇಡವೇ ಬೇಡ, ಒದ್ದೆ ಮರಳಿನ ಗೋಡೆ ಹೇಳದೆ ಕೇಳದೆ ಕುಸಿಯುತ್ತೆ, ಒಳಗೆ ಬಗ್ಗಿದವರ ಮೇಲೇ ಬೀಳುತ್ತೆ. ಎದ್ದು ಬರುವಾಗ ಮುಚ್ಚಿ, ಬೆಳಗ್ಗೆ ಯಾರದೋ ಮಗು ಓಡಿ ಬರುತ್ತೆ. ಹತ್ತಿರದ ಠಾಣೆಗೆ ಮುಂಚೆನೇ ಒಂದು ಮಾತು ಹೇಳಿ, ಭಾವ ಹೇಳಿದ್ರು. 2008ರ ಮುಂಬೈ ದಾಳಿ ಆದ್ಮೇಲೆ ಕರಾವಳಿ ಕಾವಲು ಬಿಗಿಯಾಗಿದೆ, ರಾತ್ರಿ ಟಾರ್ಚ್ ಆಡಿಸೋರನ್ನ ಕೇಳೇ ಕೇಳ್ತಾರೆ. ತುರ್ತಿಗೆ 112, ಕರಾವಳಿ ಕಾವಲು ಪೊಲೀಸರಿಗೆ 1093. ಅಲೆ ಒಳಗೆ ಎಳ್ಕೊಂಡ್ರೆ ದಡದ ಕಡೆ ನೇರ ಈಜೋಕೆ ಹೋಗಿ ಸುಸ್ತಾಗ್ಬೇಡಿ, ಎಳೆತದಿಂದ ಹೊರಗೆ ಬರೋವರೆಗೆ ಪಕ್ಕಕ್ಕೆ ಸಾಗಿ.

ಏಪ್ರಿಲ್, ಮೇ ರಜಾಕ್ಕೆ ಹೋಗ್ತೀವಿ ಅನ್ನೋರಿಗೆ ಇನ್ನೊಂದು. ಗಾಳಿ ಇಲ್ಲ, ಮೋಡ ಇಲ್ಲ, ಆದ್ರೂ ಒಮ್ಮೆಲೇ ದೊಡ್ಡ ಅಲೆ ಬೀಚ್ ಪೂರ್ತಿ ನುಗ್ಗೋದುಂಟು. ಸಾವಿರಾರು ಕಿಲೋಮೀಟರ್ ದೂರದಲ್ಲಿ, ಹಿಂದೂ ಮಹಾಸಾಗರದ ದಕ್ಷಿಣದಲ್ಲಿ ಎದ್ದ ಬಿರುಗಾಳಿಯ ಅಲೆ ಅದು. ಮಲಯಾಳಂನಲ್ಲಿ ಅದಕ್ಕೆ ಕಳ್ಳಕ್ಕಡಲ್ ಅಂತಾರೆ, ನಮಗೂ ಅರ್ಥ ಆಗೋ ಹೆಸರು, ಕಳ್ಳನ ಥರ ಬರೋ ಕಡಲು. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಅದಕ್ಕೆ ಮುಂಚೆನೇ ಎಚ್ಚರಿಕೆ ಕೊಡುತ್ತೆ, ನಮ್ಮ ಕರಾವಳಿಗೂ ಕೊಡುತ್ತೆ. ಆ ದಿನ ನನ್ನ ಕೋಲು, ಲೆಕ್ಕ ಯಾವುದೂ ಕೆಲಸಕ್ಕೆ ಬರಲ್ಲ, ಮನೇಲಿರಿ. ಜೂನಿಂದ ಸೆಪ್ಟೆಂಬರ್ ಅಂತೂ ಕೇಳ್ಲೇಬೇಡಿ.

ಭಾವ ನಿನ್ನೆ ಫೋನ್ ಮಾಡಿದ್ರು. ಅಷ್ಟಮಿ ಹತ್ತಿರ ಇಳಿತ ನಡುರಾತ್ರಿಗೆ ಬರುತ್ತೆ, ನೀರಿನ ಏರಿಳಿತನೂ ಕಮ್ಮಿ, ಆಗ ಹೋಗೋಣ್ವಾ ಅಂತ. ಪರೀಕ್ಷೆ ಮುಗೀಲಿ ಅಂದಿದೀನಿ. ಬರೋರು ಕೆಳಗೆ ಹೆಸರು ಹಾಕಿ. ನಾಲ್ಕು ಜನಕ್ಕೆ ಮೇಲೆ ಇಲ್ಲ, ಅದರಲ್ಲಿ ಒಬ್ಬರು ನೀರುಗಂಟಿ. ಆ ಜಾಗ ಈ ಸಲವೂ ನನ್ನದೇ, ಚೀಟಿ ಎತ್ತೋದು ಉಳಿದ ಮೂರಕ್ಕೆ.