ಎರಡು ಸುತ್ತು

1999ರಲ್ಲಿ ಕೊಂಡ ನಮ್ಮ ಎಸ್ಟೀಮ್ ಕಾರಿನ ಹಿಂದಿನ ಸೀಟನ್ನು ಮಗ ಬಿಚ್ಚಿ ಹಿತ್ತಲಿನಲ್ಲಿರಿಸಿದ ದಿನ ನನ್ನಾಕೆ ಅವನೊಡನೆ ಮಾತು ಬಿಟ್ಟಳು. ಮಗಳ ಬಾಣಂತನ ಮುಗಿಸಿ ಕೂಸನ್ನು ಮಡಿಲಲ್ಲಿಟ್ಟುಕೊಂಡು ಬಂದದ್ದು ಆಕೆ ಅದೇ ಸೀಟಿನ ಮೇಲೆ. ಮೂವತ್ತು ವರ್ಷ ಭೌತಶಾಸ್ತ್ರ ಹೇಳಿದ ಮೇಷ್ಟ್ರಾದ ನಾನು ಮಾತ್ರ ನಾಚಿಕೆಯಿಲ್ಲದೆ ಮಗನ ಪಕ್ಷ ಸೇರಿದೆ. ಪಂದ್ಯದ ಹಾದಿಯ ಮೇಲೆ ಓಡಿಸಲೆಂದು ಅವನು ಆ ಕಾರನ್ನು ಸಿದ್ಧಪಡಿಸುತ್ತಿದ್ದ. ಅದರ ಬ್ರೇಕಿನ ಲೆಕ್ಕ ನನ್ನನ್ನು ಸೆಳೆದಿತ್ತು.

ಓಡುವ ಕಾರಿಗೆ ಬ್ರೇಕು ಒತ್ತಿದಾಗ ಭಾರವೆಲ್ಲ ಮುಂದಕ್ಕೆ ವಾಲುತ್ತದೆ. ನಿಂತ ಬಸ್ಸಿನಲ್ಲಿ ಮುಗ್ಗರಿಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಮ್ಮ ಬೋಳು ಕಾರಿನ ತೂಕ ಸುಮಾರು 800 ಕಿಲೋ. ನಿಂತಾಗ ಮುಂದಿನ ಚಕ್ರಗಳ ಮೇಲೆ 480, ಹಿಂದಿನವುಗಳ ಮೇಲೆ 320. ಅಂಟು ಹೆಚ್ಚಿರುವ ಟೈರು ಹಾಕಿ ಬಲವಾಗಿ ಬ್ರೇಕು ಒತ್ತಿದರೆ, ನನ್ನ ಲೆಕ್ಕದಂತೆ, ಹಿಂದಿನಿಂದ 165 ಕಿಲೋ ಮುಂದಕ್ಕೆ ಸರಿಯುತ್ತದೆ. ಹಿಂದೆ ಉಳಿಯುವುದು ಬರಿಯ 155. ಇಷ್ಟು ಹಗುರಾದ ಚಕ್ರಕ್ಕೆ ಬ್ರೇಕು ಮಿತಿಮೀರಿದರೆ ಅದು ಉರುಳುವುದನ್ನು ಬಿಟ್ಟು ಜಾರತೊಡಗುತ್ತದೆ. ಕಾರಿನ ಬಾಲವೇ ತಲೆಯಾಗಲು ಹವಣಿಸುತ್ತದೆ. ಮುಂದಿನ ಚಕ್ರ ಮೊದಲು ಜಾರಿದರೆ ಕಾರು ತಿರುವನ್ನು ಲೆಕ್ಕಿಸದೆ ನೇರವಾಗಿ ಹೋಗುತ್ತದೆ. ಅದೂ ಕೆಟ್ಟದ್ದೇ, ಆದರೆ ಕಾಲು ಸಡಿಲಿಸಿದರೆ ಮತ್ತೆ ಹೇಳಿದ ಮಾತು ಕೇಳುತ್ತದೆ.

ಮುಂದಕ್ಕೆಷ್ಟು, ಹಿಂದಕ್ಕೆಷ್ಟು ಎಂದು ಹಂಚುವುದಕ್ಕೆ ಮಗ ಪೆಡಲಿಗೆ ಎರಡು ಮಾಸ್ಟರ್ ಸಿಲಿಂಡರುಗಳನ್ನೂ ನಡುವೆ ಒಂದು ಅಡ್ಡದಂಡವನ್ನೂ ಕೂರಿಸಿದ್ದ. ಇಬ್ಬರು ಬೊಂಬನ್ನು ಹೆಗಲ ಮೇಲಿಟ್ಟು ನಡುವೆ ಕೊಡ ತೂಗುಹಾಕಿಕೊಂಡು ಹೋಗುವುದನ್ನು ನೀವು ಕಂಡಿರಬಹುದು. ಕೊಡ ಯಾರ ಕಡೆಗೆ ಸರಿದೀತೋ ಅವನ ಹೆಗಲಿಗೆ ಭಾರ ಹೆಚ್ಚು. ಇಲ್ಲಿಯೂ ಹಾಗೆಯೇ. ಸ್ಪ್ಯಾನರಿನಿಂದ ದಂಡವನ್ನು ತಿರುಗಿಸಿದರೆ ಒತ್ತಡದ ಕೊಡ ಸರಿಯುತ್ತದೆ.

ಟೈರುಗಳ ಮಗ್ಗುಲಿಗೆ ಬಿಳಿಯ ಪಟ್ಟೆ ಬಳಿದು, ನೇರ ಹಾದಿಯಲ್ಲಿ ಮಗ ಬ್ರೇಕು ಒತ್ತುವಾಗ ಯಾವ ಪಟ್ಟೆ ಮೊದಲು ನಿಲ್ಲುವುದೆಂದು ದೂರದಲ್ಲಿ ನಿಂತು ನೋಡುವುದು ನನ್ನ ಉದ್ಯೋಗ. ಅರ್ಧರ್ಧ ಸುತ್ತು ಹಿಂದಕ್ಕೆ ಕೊಡುತ್ತ ಹೋಗಿ, ಹಿಂದಿನ ಪಟ್ಟೆಯೂ ಮುಂದಿನದರೊಡನೆಯೇ ನಿಂತಾಗ, ಒಂದು ಸುತ್ತು ಮುಂದಕ್ಕೆ ಮರಳಿಸಿ ಬಿಗಿದೆವು. ನನ್ನ ಹೆಮ್ಮೆಗೆ ಪಾರವಿರಲಿಲ್ಲ.

2015ರ ಅಕ್ಟೋಬರಿನಲ್ಲಿ ಕೊಯಮತ್ತೂರಿನ ಕಾರಿ ಮೋಟಾರ್ ಸ್ಪೀಡ್‌ವೇಗೆ ಹೋದೆವು, ಸುಮಾರು 2.1 ಕಿಲೋಮೀಟರಿನ ಹಾದಿ. ಬೆಳಿಗ್ಗೆ ಜಡಿಮಳೆ. ನೆಲ ಒದ್ದೆಯಾದರೆ ಬ್ರೇಕು ಅಷ್ಟು ಬಿರುಸಾಗಿ ಹಿಡಿಯಲಾರದು, ಭಾರವೂ ಅಷ್ಟಾಗಿ ಮುಂದಕ್ಕೆ ವಾಲದು. ಆದ್ದರಿಂದ ಹಿಂದಿನ ಚಕ್ರಗಳಿಗೆ ಸ್ವಲ್ಪ ಹೆಚ್ಚು ಕೆಲಸ ಹೇಳಬಹುದು. ನಾನೇ ಬಗ್ಗಿ ಎರಡು ಸುತ್ತು ಹಿಂದಕ್ಕೆ ಕೊಟ್ಟೆ. ಕಾರು ಸೊಗಸಾಗಿ ನಿಲ್ಲುತ್ತಿದೆಯೆಂದು ಮಗ ಹೊಗಳಿದ. ಮಧ್ಯಾಹ್ನ ಬಿಸಿಲು ಬಂತು, ಹಾದಿ ಒಣಗಿತು. ಮೊಸರನ್ನ ತಿಂದು ನಾನು ಯಾರೊಡನೆಯೋ ನ್ಯೂಟನ್ನನ ವಿಚಾರ ಹರಟುತ್ತಿದ್ದೆ.

ಮೂರನೆಯ ಸುತ್ತಿನಲ್ಲಿ, ತಿರುವಿಗೆ ಮುಂಚೆ, ಹಿಂದಿನ ಪಟ್ಟೆ ತಟಕ್ಕನೆ ನಿಂತದ್ದನ್ನು ನಾನು ಕಂಡೆ. ಕಾರು ಬುಗುರಿಯಂತೆ ತಿರುಗಿ, ಹುಲ್ಲುಮಣ್ಣಿನ ಮೇಲೆ ಹಿಂದುಮುಂದಾಗಿ ಜಾರಿ, ಪೇರಿಸಿದ ಟೈರುಗಳ ಗೋಡೆಗೆ ಮೂರು ಮಾರು ಇರುವಾಗ ನಿಂತಿತು. ಧೂಳಿನೊಳಗಿಂದ ಮಗ ಇಳಿದು ಬರುವವರೆಗೆ ನನ್ನ ಜೀವ ನನ್ನಲ್ಲಿರಲಿಲ್ಲ.

"ನಿನ್ನ ಕಾಲು ಬಹಳ ಭಾರ ಕಣಯ್ಯ" ಎಂದು ಗೆಳೆಯರು ನಕ್ಕರು. ಅವನೂ ನಕ್ಕು, ತಪ್ಪು ತನ್ನದೇ ಎಂದ. ನಾನು ಬಾಯಿ ಬಿಡಲಿಲ್ಲ. ಒಂದು ಚಿಹ್ನೆ ತಪ್ಪಿದ್ದಕ್ಕೆ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದವನು ನಾನು!

ಊರಿಗೆ ಮರಳುವಾಗ ಸೇಲಂ ದಾಟಿದ ಮೇಲೆ ಹೇಳಿದೆ: "ಬೆಳಗಿನ ಆ ಎರಡು ಸುತ್ತನ್ನು ನಾನು ಮರಳಿಸಲಿಲ್ಲ ಕಣೋ."

ಅವನು ಸ್ವಲ್ಪ ಹೊತ್ತು ರಸ್ತೆಯನ್ನೇ ನೋಡುತ್ತಿದ್ದ.

"ಗೊತ್ತು ಅಪ್ಪ. ಮಣ್ಣು ಒರೆಸುವಾಗ ನೋಡಿದೆ. ಅಮ್ಮನಿಗೆ ಹೇಳಬೇಡಿ."

ಹೇಳದೆ ಇರಲಾಗಲಿಲ್ಲ. ಆ ರಾತ್ರಿಯೇ ಹೇಳಿದೆ. ಆಕೆ ಎದ್ದು ಮಗನ ಕೋಣೆಯ ಬಾಗಿಲವರೆಗೆ ಹೋಗಿ, ಅವನು ನಿದ್ರಿಸುತ್ತಿರುವುದನ್ನು ನೋಡಿ ಬಂದಳು. ಮರುದಿನ ಬೆಳಿಗ್ಗೆ ತಿಂಗಳುಗಳ ಮೇಲೆ ಮೊದಲ ಬಾರಿಗೆ ತಾನೇ ಅವನಿಗೆ ಕಾಫಿ ಕೊಟ್ಟಳು. ನನ್ನ ಲೋಟ ಅಡಿಗೆಮನೆಯಲ್ಲೇ ಆರುತ್ತಿತ್ತು.