ಬದುವಿನ ಕವಳಿ ಹಣ್ಣು

ಹಾನಗಲ್ ಎಂದರೆ ನಿಮಗೆ ಮಾವಿನ ತೋಪುಗಳು ನೆನಪಾಗಬಹುದು. ನಾನು ಹೇಳಹೊರಟಿರುವುದು ಯಾರೂ ನೆಡದ, ಯಾರೂ ನೀರು ಹಾಕದ ಒಂದು ಪೊದೆಯ ಬಗ್ಗೆ. ಮೇ ಕೊನೆಯಲ್ಲಿ ಒಂದೆರಡು ಮಳೆ ಬಿದ್ದ ಮೇಲೆ ಅಲ್ಲಿಗೆ ಹೋಗಿದ್ದೆ. ಬಸ್ ನಿಲ್ದಾಣದ ಬಳಿ ಬುಟ್ಟಿ ಇಟ್ಟುಕೊಂಡು ಕುಳಿತಿದ್ದ ಅಜ್ಜಿಯೊಬ್ಬರು, "ತಿಂದ್ ನೋಡ ಯವ್ವಾ, ಆಮ್ಯಾಲೆ ರೊಕ್ಕ ಕೊಡು" ಎಂದು ಅಂಗೈಗೆ ನಾಲ್ಕು ಕಪ್ಪು ಹಣ್ಣು ಹಾಕಿದರು. ಕವಳಿ ಹಣ್ಣು! ಕರಾವಳಿಯ ಸಹೋದರಿಯರಿಗೆ ಇದು ಕರಂಡೆ.

ಗಿಡವನ್ನು ನೋಡಿದರೆ ನೀವು ಮತ್ತೆ ಮರೆಯಲಾರಿರಿ. ಆಳೆತ್ತರದ ದಟ್ಟ ಪೊದೆ, ಎದುರುಬದುರು ಮೂಡುವ ಹೊಳೆಯುವ ದಪ್ಪ ಎಲೆ, ಜೋಡಿ ಜೋಡಿಯಾಗಿ ಚಾಚಿದ ಗಟ್ಟಿ ಮುಳ್ಳು. ಎಲ್ಲಿ ಚಿವುಟಿದರೂ ಬಿಳಿ ಹಾಲು. ಹೂವಿಗೆ ಐದು ಎಸಳು, ಮಲ್ಲಿಗೆಯಂಥ ಪರಿಮಳ. ಕಾಯಿ ಹಸಿರು, ಆಮೇಲೆ ಕೆಂಪು, ಹಣ್ಣಾದರೆ ಕಪ್ಪು. ಪೂರ್ತಿ ಕಪ್ಪಾಗದ್ದನ್ನು ಕಚ್ಚಿದರೆ ತುಟಿ ಅಂಟುತ್ತದೆ, ಮಕ್ಕಳಿಗೆ ಹೇಳಿ. ಕಾಯಿಯ ಹುಳಿ ಬ್ಯಾಡಗಿ ಮೆಣಸಿನ ಜೊತೆ ಸೇರಿದರೆ ಒಳ್ಳೆಯ ಉಪ್ಪಿನಕಾಯಿ. ಅಂದ ಹಾಗೆ, ಬೇಕರಿ ಕೇಕಿನ ಮೇಲಿನ ಕೆಂಪು 'ಚೆರ್ರಿ' ಎಷ್ಟೋ ಸಲ ಚೆರ್ರಿಯೇ ಅಲ್ಲ. ಸಕ್ಕರೆ ಪಾಕದಲ್ಲಿ ಅದ್ದಿ ಬಣ್ಣ ಕಟ್ಟಿದ ಇದೇ ಜಾತಿಯ ಕಾಯಿ!

"ಎಲ್ಲಿಂದ ಕಿತ್ತು ತರ್ತೀರಿ ಅಜ್ಜಿ?" ಎಂದು ಕೇಳಿದೆ.

"ಮೊದಲ ನಮ್ಮ ಹೊಲದ ಬದುವಿಗೇ ಇತ್ತು. ಬದು ಕಡಿದ್ರು. ಈಗ ಗುಡ್ಡಕ್ಕ ಹೋಗಬೇಕವ್ವಾ, ಮೊಣಕಾಲು ಬಿಡೂದಿಲ್ಲ."

ಆ ಮಾತು ನನ್ನ ಜೊತೆಗೇ ಬಂತು. ಅಲ್ಲಿಂದ ಸವಣೂರಿಗೆ ಹೋಗಿ, ನವಾಬರ ಊರಿನ ಹೆಸರಾಂತ ದೊಡ್ಡ ಹುಣಸೆ ಮರಗಳನ್ನು ನೋಡಿದೆ. ಮೂರರಲ್ಲಿ ಒಂದು 2023ರ ಮಳೆಗಾಲದಲ್ಲಿ ಉರುಳಿದಾಗ ಪತ್ರಿಕೆಗಳು ಬರೆದವು, ಅದನ್ನು ಮತ್ತೆ ನಿಲ್ಲಿಸುವ ಪ್ರಯತ್ನವೂ ನಡೆಯಿತು. ಸಂತೋಷ. ಆದರೆ ಬದುವಿನ ಪೊದೆ ಹೋದರೆ ಯಾವ ಪತ್ರಿಕೆಗೆ ಸುದ್ದಿ? ಮರುದಿನ ಶಿಗ್ಗಾಂವಿ ಮೂಲಕ ಹಿರೇಕೆರೂರಿನತ್ತ ಹೊರಟಾಗ ದಾರಿಯುದ್ದಕ್ಕೂ ಕಿಟಕಿಯಿಂದ ಕವಳಿ ಹುಡುಕಿದೆ. ಗೋವಿನಜೋಳಕ್ಕೆ ಹದ ಮಾಡಿದ ಹೊಲಗಳು, ಕಲ್ಲುಕಂಬ, ತಂತಿ ಬೇಲಿ. ಹಿರೇಕೆರೂರು ಹತ್ತಿರವಾದಾಗ ಒಂದೇ ಒಂದು ಪೊದೆ ಕಂಡಿತು, ಅದರ ತುಂಬ ಗುಬ್ಬಚ್ಚಿಗಳು. ತಂತಿ ಬೇಲಿಯೂ ದನ ತಡೆಯುತ್ತದೆ, ನಿಜ. ಹಣ್ಣು ಬಿಡುವುದಿಲ್ಲ, ಅಷ್ಟೆ.

ಕವಳಿ ಬೀಜ ಬಹಳ ದಿನ ಕಾಪಿಟ್ಟರೆ ಮೊಳೆಯುವುದಿಲ್ಲ. ಅದಕ್ಕೇ ಅಜ್ಜಿ ಕೊಟ್ಟ ಹಣ್ಣಿನ ಬೀಜಗಳನ್ನು ಮನೆಗೆ ಬಂದ ದಿನವೇ ತೊಳೆದು ಕುಂಡಕ್ಕೆ ಹಾಕಿದೆ. ಮೂರು ಮೊಳೆತಿವೆ. ಮುಳ್ಳು ಇನ್ನೂ ಬಂದಿಲ್ಲ.