ಪುರಿಯ ಕಡಲು, ಪುರಿಯ ಅನ್ನ

ನಮ್ಮ ಕೇರಿಯಲ್ಲಿ ‘ವಿಹಾರ’ ಎಂಬ ಪದವಿಲ್ಲ. ಊರು ಬಿಟ್ಟು ಹೋಗಲು ನಮ್ಮ ಜನಕ್ಕೆ ಬೇರೆ ಕಾರಣಗಳಿವೆ. ಕೂಲಿಗೆ ಹೋಗುತ್ತಾರೆ. ಆಸ್ಪತ್ರೆಗೆ ಹೋಗುತ್ತಾರೆ. ಸಾವಿಗೆ, ಜಾತ್ರೆಗೆ ಹೋಗುತ್ತಾರೆ. ಕೋರ್ಟಿಗೆ ಅಲೆಯುತ್ತಾರೆ. ಸುಮ್ಮನೆ ಕಡಲು ನೋಡಿಕೊಂಡು ಬರೋಣ ಎಂದು ಯಾರೂ ಹೊರಟದ್ದಿಲ್ಲ. ಅದಕ್ಕೇ ನಾವು ಪುರಿಗೆ ಹೋಗಿದ್ದೆವು ಎಂದಾಗ ಕೇರಿಯವರು ಕೇಳಿದ ಮೊದಲ ಮಾತು: “ಯಾರಿಗೆ ಏನಾಗಿತ್ರಪ್ಪಾ?”

ಯಾರಿಗೂ ಏನೂ ಆಗಿರಲಿಲ್ಲ. ನಾವು ಮೂವರು, ಮೂವರೂ ಕೋಲಾರದ ಕಡೆಯವರು. ಒಂದೇ ಸರ್ಕಾರಿ ಹಾಸ್ಟೆಲ್ಲಿನ ಅನ್ನ ತಿಂದವರು, ನಮ್ಮ ನಮ್ಮ ಮನೆಗಳಲ್ಲಿ ಮೊದಲು ಡಿಗ್ರಿ ಮುಟ್ಟಿದವರು. ಭುವನೇಶ್ವರದಲ್ಲಿ ಹಲವು ಭಾಷೆಯ ಎಳೆಯ ಕವಿಗಳ ಒಂದು ಕೂಟಕ್ಕೆ ಕರೆದಿದ್ದರು. ಪದ್ಯ ಓದಿದೆವು. ಒಬ್ಬರ ಭಾಷೆ ಒಬ್ಬರಿಗೆ ತಿಳಿಯದಿದ್ದರೂ ಎಲ್ಲರೂ ಎಲ್ಲರಿಗೂ ಚಪ್ಪಾಳೆ ತಟ್ಟಿದೆವು. ವಾಪಸು ರೈಲಿಗೆ ಇನ್ನೂ ಒಂದೂವರೆ ದಿನವಿತ್ತು. ಪುರಿ ಅಲ್ಲಿಂದ 60 ಕಿಲೋಮೀಟರು. ಹೊರಟೆವು.

ಹೊರಡುವ ಮುನ್ನ ಫೋನಿನಲ್ಲಿ ಅಮ್ಮ ಹೇಳಿದ ಮಾತೊಂದನ್ನು ಇಲ್ಲಿ ಬರೆಯಲೇಬೇಕು. ನಮ್ಮೂರಿನ ದೊಡ್ಡಮನೆಯವರು ಒಂದು ವರ್ಷ ಬಸ್ಸು ಮಾಡಿಕೊಂಡು ಕಾಶಿ, ಪುರಿ ಯಾತ್ರೆ ಮಾಡಿ ಬಂದಿದ್ದರು. ಬಂದವರು ಕೇರಿಗೂ ಪ್ರಸಾದ ಹಂಚಿದರು. ಒಣಗಿಸಿದ ಅನ್ನದ ಕಾಳು. ಅಮ್ಮ ಸೆರಗೊಡ್ಡಿದಳು, ಅವರು ಕೈ ತಾಗದ ಹಾಗೆ ಮೇಲಿಂದ ಉದುರಿಸಿದರು. ಉದುರಿಸುತ್ತಾ ಹೇಳಿದರಂತೆ: ಪುರಿಯಲ್ಲಿ ಜಾತಿ ಇಲ್ಲ, ಎಲ್ಲ ಜಾತಿಯವರೂ ಒಂದೇ ಎಲೆಯಲ್ಲಿ ಉಣ್ಣುತ್ತಾರೆ, ಎಂಜಲೂ ಇಲ್ಲ, ಮೈಲಿಗೆಯೂ ಇಲ್ಲ. ಅಮ್ಮ ಅದನ್ನು ಮರೆತಿರಲಿಲ್ಲ. “ಅದು ನಿಜವಾ ಅಂತ ನಿನ್ ಕಣ್ಣಾರ ನೋಡ್ಕೊಂಡ್ ಬಾರಪ್ಪಾ” ಎಂದಳು.

ಈ ಪ್ರಶ್ನೆ ಅಮ್ಮನಿಗೆ ಬರೀ ಕುತೂಹಲವಲ್ಲ. ಅಮ್ಮ ಶಾಲೆಯಲ್ಲಿ ಬಿಸಿಯೂಟ ಬೇಯಿಸುವವಳು. ಅವಳು ಒಲೆ ಹಚ್ಚಿದ ದಿನದಿಂದ ಊರಿನ ಅರ್ಧ ಮಕ್ಕಳು ತಟ್ಟೆ ಹಿಡಿಯಲಿಲ್ಲ. ಅದೇ ದೊಡ್ಡಮನೆಯ ಮೊಮ್ಮಕ್ಕಳೇ ಮೊದಲು ಎದ್ದವರು. ಹತ್ತು ದಿನವಾದ ಮೇಲೆ ಒಬ್ಬ ಮೇಷ್ಟ್ರು ತಾವೇ ನೆಲದ ಮೇಲೆ ಕೂತು ಮಕ್ಕಳೆದುರಿಗೆ ಅಮ್ಮ ಬಡಿಸಿದ ಅನ್ನ ಉಂಡರು. ಮಕ್ಕಳು ಒಬ್ಬೊಬ್ಬರಾಗಿ ಬಂದರು. ನಾಲ್ಕು ಮಕ್ಕಳು ಈಗಲೂ ಮನೆಯಿಂದ ಡಬ್ಬಿ ತರುತ್ತವೆ.

ಈ ಪ್ರಶ್ನೆ ಕಟ್ಟಿಕೊಂಡು ಪುರಿಗೆ ಇಳಿದೆವು.

ಇಳಿದ ಕೂಡಲೆ ಲಾಡ್ಜಿನವನು ಆಧಾರ್ ಕಾರ್ಡು ತಿರುವಿ ಹಾಕಿ ‘ಟೈಟಲ್ ಏನು’ ಎಂದ. ಆ ಕಡೆ ಮನೆತನದ ಹೆಸರಿಗೆ ಟೈಟಲ್ ಅನ್ನುತ್ತಾರೆ. ಅದು ಕೇಳಿದರೆ ಜಾತಿ ಕೇಳಿದ ಹಾಗೆ. ನಮ್ಮ ಮೂವರ ಹೆಸರಿಗೂ ಒಂದೊಂದು ಇನಿಷಿಯಲ್ ಬಿಟ್ಟರೆ ಬಾಲವಿಲ್ಲ. ಅವನು ಮತ್ತೆ ಮತ್ತೆ ಕಾರ್ಡು ನೋಡಿದ. ಕಾರ್ಡಿನಲ್ಲಿ ಇಲ್ಲದ್ದನ್ನು ಮುಖದಲ್ಲಿ ಹುಡುಕಿದ. ಜಾತಿ ಇಲ್ಲದ ಊರಿನ ಬಾಗಿಲು ಹೀಗೆ ತೆರೆಯಿತು.

ಕಡಲಿನ ಮಾತಿಗೆ ಬರೋಣ. ಕೋಲಾರದವರಿಗೆ ನದಿಯೇ ಗೊತ್ತಿಲ್ಲ. ಸಾವಿರ ಅಡಿ ಕೊರೆದರೂ ಧೂಳೇ ಹಾರುವ ಕೊಳವೆ ಬಾವಿ ಗೊತ್ತು. 2018ರಿಂದ ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ ನಮ್ಮ ಕೆರೆಗಳಿಗೆ ಬಿಡುತ್ತಿರುವ ನೀರು ಗೊತ್ತು. ಅಂಥ ನಮ್ಮೆದುರಿಗೆ ಬಂಗಾಳ ಕೊಲ್ಲಿ ಎದ್ದು ನಿಂತಾಗ ಪದ್ಯ ಬರಲಿಲ್ಲ, ಹೆದರಿಕೆ ಬಂತು. ಇಷ್ಟು ನೀರು, ಒಂದು ಗುಟುಕೂ ಕುಡಿಯಲು ಬರುವುದಿಲ್ಲ! ನೀರಿನ ಪಕ್ಕ ನಿಂತು ಬಾಯಾರುವುದು ನಮ್ಮ ಜನಕ್ಕೆ ಹೊಸದೇನಲ್ಲ ಬಿಡಿ.

ಪುರಿಯ ಅಲೆ ಪೊಗರಿನದು. ಅದಕ್ಕೇ ಅಲ್ಲಿ ನೋಲಿಯಾಗಳಿದ್ದಾರೆ. ಇವರು ಮೀನುಗಾರರು. ಆಂಧ್ರ ಕರಾವಳಿಯಿಂದ ಬಂದು ನೆಲೆಸಿದ ತೆಲುಗು ಮಾತಿನ ಜನ. ಚೂಪು ಟೋಪಿ ಹಾಕಿಕೊಂಡು, ಯಾತ್ರಿಕರ ಕೈ ಹಿಡಿದು ಅಲೆಯಲ್ಲಿ ಮುಳುಗಿಸಿ ಎತ್ತುವುದು ಇವರಲ್ಲಿ ಹಲವರ ಹಳೆಯ ಕಸುಬು. ಕೋಲಾರದ ನಮಗೆ ತೆಲುಗು ಬೀದಿಯ ಮಾತು. ಅವರದು ಶ್ರೀಕಾಕುಳದ ಕಡೆಯದು, ರಾಗ ಬೇರೆ. ಆದರೂ ಒಬ್ಬ ಮುದುಕ ‘ಏ ಊರು ಬಾಬೂ?’ ಎಂದದ್ದೇ ತಡ, ನೆಂಟಸ್ತಿಕೆ ಕುದುರಿತು.

ಅವನ ಪಕ್ಕ ಕೂತು ಒಂದು ಗಂಟೆ ನೋಡಿದೆವು. ಜನಿವಾರದ ದಪ್ಪ ಮೈಗಳು, ಬಂಗಾರದ ಬಳೆಯ ಅಜ್ಜಿಯರು, ಕೋಲ್ಕತ್ತದಿಂದ ಬಂದ ಬಾಬುಗಳು, ಎಲ್ಲರೂ ನೋಲಿಯಾಗಳ ತೋಳು ಹಿಡಿದುಕೊಂಡೇ ನೀರಿಗಿಳಿದರು. ದೊಡ್ಡ ಅಲೆ ಬಂದಾಗ ತಬ್ಬಿಕೊಂಡರು, ಕೂಗಿಕೊಂಡರು. ಒಬ್ಬರೂ ‘ನಿನ್ನ ಟೈಟಲ್ ಏನು’ ಎಂದು ಕೇಳಲಿಲ್ಲ. ದಡಕ್ಕೆ ಬಂದು ಮೈ ಒರೆಸಿಕೊಂಡು ದುಡ್ಡು ಚಾಚಿದಾಗ ಮಾತ್ರ ಬೆರಳ ತುದಿಯಲ್ಲಿ ಚಾಚಿದರು. ಮುದುಕ ನಕ್ಕು ಅಂದದ್ದು ಇಷ್ಟು: “ನೀರಲ್ಲಿ ನಾನು ಅಣ್ಣ, ಮರಳಲ್ಲಿ ನೋಲಿಯಾ.” ಅವನ ಮನೆ ಇರುವುದು ಪೆಂಟಕೋಟದಲ್ಲಿ. ಹೋಟೆಲುಗಳ ಸಾಲು ಮುಗಿದ ಮೇಲೆ ಮೀನು ಒಣಗುವ ವಾಸನೆಯ ಬೆಸ್ತರ ಕೇರಿ. ವಿಹಾರಕ್ಕೆ ಬಂದವರು ಆ ಕಡೆ ಮೂಗು ಮುಚ್ಚಿಕೊಂಡು ತಿರುಗುತ್ತಾರೆ. ಅದೇ ಮೀನು ಸಾಸಿವೆ ಅರೆದು ತಟ್ಟೆಗೆ ಬಂದರೆ ಮೂಗು ಅರಳುತ್ತದೆ.

ಮಧ್ಯಾಹ್ನ ದೇವಸ್ಥಾನದ ಕಡೆ ನಡೆದೆವು. 12ನೇ ಶತಮಾನದಲ್ಲಿ ಗಂಗ ದೊರೆ ಅನಂತವರ್ಮ ಚೋಡಗಂಗ ಕಟ್ಟಿಸಲು ಹಿಡಿದ ಗುಡಿ. 2024ರ ಜನವರಿಯಲ್ಲಿ ಸುತ್ತಲಿನ ಜಾಗ ತೆರವು ಮಾಡಿ ವಿಶಾಲವಾದ ಪರಿಕ್ರಮ ಪಥ ತೆರೆದಿದ್ದಾರೆ. ಬಾಗಿಲಲ್ಲಿ ಹಿಂದೂಗಳಿಗೆ ಮಾತ್ರ ಪ್ರವೇಶ. 1984ರಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರನ್ನೇ ಪಾರ್ಸಿಯನ್ನು ಮದುವೆಯಾದವರೆಂದು ಒಳಗೆ ಬಿಡದ ಬಾಗಿಲು ಅದು. ಸಿಂಹದ್ವಾರದಲ್ಲಿ ‘ಪತಿತಪಾವನ’ ಎಂಬ ಜಗನ್ನಾಥನ ಮೂರ್ತಿ ಬೀದಿಗೆ ಕಾಣುವಂತಿದೆ. 18ನೇ ಶತಮಾನದಲ್ಲಿ ಮುಸ್ಲಿಮನಾದನೆಂದು ಹೊರಗುಳಿದ ರಾಜ ರಾಮಚಂದ್ರದೇವನಿಗಾಗಿ ಇಟ್ಟದ್ದೆಂದು ಹೇಳುತ್ತಾರೆ. ನಮಗೆ ಉಡುಪಿಯ ಕನಕನ ಕಿಂಡಿ ನೆನಪಾಯಿತು. ಈ ದೇಶದಲ್ಲಿ ದೇವರುಗಳು ಹೊರಗಿನವನ ಕಡೆ ತಿರುಗಿ ನೋಡುತ್ತಾರೆ, ಆದರೆ ಬಾಗಿಲು ದಾಟಿ ಬರುವುದಿಲ್ಲ.

ಒಳಗೆ ಹೋಗುವುದೋ ಬೇಡವೋ? ಬೀದಿಯಲ್ಲೇ ನಮ್ಮ ನಮ್ಮಲ್ಲಿ ಜಗಳ ಹತ್ತಿತು. ಒಬ್ಬ ಅಂದ: 1934ರ ಮೇ ತಿಂಗಳಲ್ಲಿ ಗಾಂಧಿ ಅಸ್ಪೃಶ್ಯತೆಯ ವಿರುದ್ಧ ಕಾಲ್ನಡಿಗೆ ಶುರು ಮಾಡಿದ್ದು ಇದೇ ಊರಿಂದ. 1938ರಲ್ಲಿ ಕಸ್ತೂರಬಾ ಈ ಗುಡಿಯೊಳಗೆ ಹೋಗಿ ಬಂದಾಗ, ಹರಿಜನರನ್ನು ಬಿಡದ ಕಡೆ ನೀನು ಹೇಗೆ ಹೋದೆ ಎಂದು ಗಾಂಧಿ ಸಂಕಟಪಟ್ಟರು. ಸ್ವಾತಂತ್ರ್ಯ ಬಂದ ಮೇಲೆ ಕಾನೂನು ನಮಗೆ ಬಾಗಿಲು ತೆರೆಸಿದೆ, ಹಕ್ಕು ಇರುವಾಗ ಹೋಗೋಣ. ಇನ್ನೊಬ್ಬ ಅಂದ: ಬಾಬಾಸಾಹೇಬರು 1930ರಲ್ಲಿ ನಾಸಿಕದ ಕಾಳಾರಾಮನ ಬಾಗಿಲು ಬಡಿದರು. 1935ರಲ್ಲಿ ಯೇವಲಾದಲ್ಲಿ ಹಿಂದುವಾಗಿ ಸಾಯುವುದಿಲ್ಲ ಎಂದರು. ಅವರು ಬೆನ್ನು ತಿರುಗಿಸಿದ ಬಾಗಿಲಿಗೆ ನಾವು ಯಾಕೆ ಮುಖ ಮಾಡಬೇಕು?

ಇದೇ ಗುಡಿಗೆ ಇನ್ನೊಂದು ಬಗೆಯಲ್ಲಿ ನುಗ್ಗಿದವರೂ ಇದ್ದಾರೆ. ಜಾತಿಯನ್ನೂ ವಿಗ್ರಹವನ್ನೂ ಒಪ್ಪದ ಮಹಿಮಾ ಪಂಥದ ಬೆರಳೆಣಿಕೆಯ ಬಡವರು 1881ರ ಮಾರ್ಚ್ 1ರಂದು ಸಂಬಲಪುರದ ಕಡೆಯಿಂದ ಬಂದು, ಜಗನ್ನಾಥನ ಮರದ ಮೂರ್ತಿಯನ್ನು ಸುಡುತ್ತೇವೆಂದು ಒಳಗೆ ನುಗ್ಗಿದರು. ತಳ್ಳಾಟದಲ್ಲಿ ಒಬ್ಬ ಸತ್ತ. ಆ ಪಂಥದ ದೊಡ್ಡ ಕವಿ ಭೀಮ ಭೋಯಿ, ಕಂಧ ಬುಡಕಟ್ಟಿನವನು. ಆ ಸತ್ತವನಿಗೆ ಊರಿನಲ್ಲಿ ಒಂದು ಕಲ್ಲಾದರೂ ಇದೆಯೇ ಎಂದು ಹುಡುಕಿದೆವು. ನಮ್ಮ ಕಣ್ಣಿಗೆ ಬೀಳಲಿಲ್ಲ.

ಕೊನೆಗೆ ಜಗಳ ಮುಗಿಸಿದ್ದು ಅಮ್ಮನ ಪ್ರಶ್ನೆ. ನಾವು ಒಳಗೆ ಹೋದೆವು, ದೇವರನ್ನು ನೋಡಲು ಅಲ್ಲ, ಅನ್ನ ನೋಡಲು.

ಚರ್ಮದ ಸಾಮಾನು ಒಳಗೆ ಬಿಡುವುದಿಲ್ಲ. ಬೆಲ್ಟು ಬಿಚ್ಚಿಟ್ಟೆವು. ಒಳಗೆ ದೇವರ ಸೇವೆಗೆ ಮದ್ದಳೆ ಇದೆ. ಅದು ಚರ್ಮದ್ದಲ್ಲವೇ? ತಮಟೆಯ ತೊಗಲು ಹದ ಮಾಡಿದ ತಾತನ ಮೊಮ್ಮಕ್ಕಳು ಬೇರೆ ಏನು ಕೇಳಿಯಾರು. ಪಂಡಾ ಒಬ್ಬ ಅಡ್ಡ ಬಂದು ಗೋತ್ರ ಕೇಳಿದ. ‘ಕೋಲಾರ’ ಎಂದೆವು. ಅಂಥ ಗೋತ್ರ ಇದ್ದೀತು ಎಂದುಕೊಂಡನೋ ಏನೋ, ದಾರಿ ಬಿಟ್ಟ.

ಹೊರಗಿನ ಪ್ರಾಕಾರದಲ್ಲಿದೆ ಆನಂದ ಬಜಾರ್. ಮಣ್ಣಿನ ಮಡಕೆಗಳಲ್ಲಿ ಹೊಗೆಯಾಡುವ ಅನ್ನ, ಬೇಳೆ, ಪಲ್ಯ. ಈರುಳ್ಳಿ, ಆಲೂಗಡ್ಡೆ, ಟೊಮೇಟೊ ಆ ಅಡುಗೆಗೆ ಸೇರುವುದಿಲ್ಲ. ನಮ್ಮನ್ನು ಬಿಟ್ಟರೂ ಕೋಲಾರದ ಟೊಮೇಟೊವನ್ನು ಬಿಟ್ಟಿಲ್ಲ ಎಂದು ನಕ್ಕೆವು. ಕಲ್ಲಿನ ಮೇಲೆ ಎಲೆ ಹಾಕಿ ಕೂತೆವು. ಪಕ್ಕದಲ್ಲಿ ಮೇದಿನಿಪುರದ ಒಬ್ಬ ಮುದುಕರು, ಜನಿವಾರ ಹೊರಗೇ ಕಾಣುತ್ತಿತ್ತು. ಕೇಳದೆ, ಹೇಳದೆ ನಮ್ಮ ಎಲೆಯಿಂದ ಒಂದು ಹಿಡಿ ಅನ್ನ ತೆಗೆದುಕೊಂಡು ಬಾಯಿಗೆ ಹಾಕಿಕೊಂಡರು. ತಮ್ಮ ಮಡಕೆಯಿಂದ ನಮಗೂ ಇಕ್ಕಿದರು. ಇದು ಸುಳ್ಳಲ್ಲ ಗೆಳೆಯರೆ, ಕಣ್ಣಾರೆ ಕಂಡದ್ದು. ನಮ್ಮ ಗಂಟಲು ಒಂದು ಕ್ಷಣ ಕಟ್ಟಿತು. ಇಪ್ಪತ್ತು ಚಿಲ್ಲರೆ ವರ್ಷದಲ್ಲಿ ಆ ಜಾತಿಯ ಕೈ ನಮ್ಮ ಎಲೆಗೆ ಬಂದದ್ದು ಅದೇ ಮೊದಲು.

ಗಂಟಲು ಕಟ್ಟಿದ್ದು ಬಿಟ್ಟ ಮೇಲೆ ತಲೆ ಓಡಿತು. ಹಾಗಾದರೆ ಇವರಿಗೆ ಜಾತಿ ಬಿಡಲು ಬರುತ್ತದೆ! ಸಾವಿರಾರು ವರ್ಷದ್ದು, ರಕ್ತದಲ್ಲಿ ಬಂದದ್ದು, ಬಿಡಲು ಆಗುವುದಿಲ್ಲ ಎಂದು ನಮಗೆ ಹೇಳುವವರು ಇಲ್ಲಿ ಚಪ್ಪಲಿಯ ಹಾಗೆ ಬಾಗಿಲಲ್ಲಿ ಬಿಟ್ಟು ಬಂದಿದ್ದಾರೆ. ಹೋಗುವಾಗ ಮರೆಯದೆ ಹಾಕಿಕೊಂಡು ಹೋಗುತ್ತಾರೆ. 2022ರಲ್ಲಿ ನಮ್ಮದೇ ಜಿಲ್ಲೆಯ ಮಾಲೂರು ತಾಲ್ಲೂಕಿನಲ್ಲಿ ದೇವರ ಉತ್ಸವದ ಕೋಲು ಮುಟ್ಟಿದನೆಂದು ಒಬ್ಬ ದಲಿತ ಹುಡುಗನ ಮನೆಗೆ 60,000 ರೂಪಾಯಿ ದಂಡ ಹಾಕಿದರು. ದೇವರು ಅಲ್ಲಿಯೂ ಇದ್ದ.

ರಥಯಾತ್ರೆಯ ದಿನ ಪುರಿಯ ಗಜಪತಿ ರಾಜ ಚಿನ್ನದ ಹಿಡಿಯ ಪೊರಕೆ ಹಿಡಿದು ಮೂರು ತೇರುಗಳನ್ನೂ ಗುಡಿಸುತ್ತಾನೆ. ದೇವರ ಮುಂದೆ ರಾಜನೂ ಜಾಡಮಾಲಿ ಎಂದು ಲಕ್ಷಾಂತರ ಜನ ಕೈ ಮುಗಿಯುತ್ತಾರೆ. ಮರುದಿನ ಬೆಳಗಿನ ಐದಕ್ಕೆ ಕಡಲ ದಂಡೆಯಲ್ಲಿ ನಾವು ಬೇರೆ ಪೊರಕೆ ನೋಡಿದೆವು. ಕಡ್ಡಿ ಪೊರಕೆ ಹಿಡಿದ ಹೆಂಗಸರು ಹಿಂದಿನ ರಾತ್ರಿಯ ವಿಹಾರವನ್ನೆಲ್ಲ ಗುಡಿಸುತ್ತಿದ್ದರು. ಪ್ಲಾಸ್ಟಿಕ್, ಬಾಟಲಿ, ಮಕ್ಕಳ ಡೈಪರು. ಪುರಿಯ ದಂಡೆಗೆ 2020ರಲ್ಲಿ ‘ಬ್ಲೂ ಫ್ಲ್ಯಾಗ್’ ಎಂಬ ಶುಚಿತ್ವದ ಬಾವುಟ ಸಿಕ್ಕಿತು. ಆ ಬಾವುಟದ ಕೋಲು ನಿಂತಿರುವುದು ಈ ಹೆಂಗಸರ ಬೆನ್ನ ಮೇಲೆ. ಇವರಿಗೆ ಯಾರೂ ಕೈ ಮುಗಿಯಲಿಲ್ಲ. ಒಂದು ದಿನ ಗುಡಿಸಿದರೆ ಭಕ್ತಿ, ದಿನಾ ಗುಡಿಸಿದರೆ ಜಾತಿ.

ಊರಿಗೆ ಬಂದು ಅಮ್ಮನಿಗೆ ಎಲ್ಲ ಹೇಳಿದೆವು. ಹೌದಮ್ಮ, ನಿಜ, ಒಂದೇ ಎಲೆಯಲ್ಲಿ ಉಣ್ಣುತ್ತಾರೆ, ನಮ್ಮ ಎಲೆಯಿಂದಲೂ ಉಂಡರು ಎಂದೆವು. ಅಮ್ಮನ ಮುಖ ಅರಳಿತು. ಅವಳು ಅಡುಗೆಯವಳಲ್ಲವೇ, ಅಡುಗೆಯ ವಿಚಾರವೆಲ್ಲ ಕೇಳಿದಳು. ಒಲೆ ಎಷ್ಟಿವೆ? 752 ಅನ್ನುತ್ತಾರೆ. ಸೌದೆಯೋ, ಗ್ಯಾಸೋ? ಸೌದೆ. ಪಾತ್ರೆ ತೊಳೆಯೋರು ಯಾರು? ತೊಳೆಯುವುದಿಲ್ಲಮ್ಮ, ದಿನಾ ಹೊಸ ಮಡಕೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು.

“ಉಣ್ಣೋದ್ ಸರಿ ಕಣಪ್ಪಾ. ಬೇಯ್ಸೋರ್ ಯಾರು?”

ಬೇಯಿಸುವ ಹಕ್ಕು ಸುಆರ ಎಂಬ ವಂಶದವರದ್ದು. ತಲೆತಲಾಂತರದಿಂದ ಅವರದ್ದೇ. ಬೇರೆಯವರು ಆ ಒಲೆಯ ಹತ್ತಿರ ಸುಳಿಯುವಂತಿಲ್ಲ.

“ಹಂಗನ್ನು” ಎಂದಳು ಅಮ್ಮ. “ಉಣ್ಣಕ್ಕೆ ನಾವೂ ಬರಬೌದು. ನಮ್ ಕೈಯಿಂದ ಉಣ್ಣಾದು ಮಾತ್ರ ಎಲ್ಲೂ ಇಲ್ಲ.”

ನೆಲದ ಮೇಲೆ ಕೂತು ಉಂಡ ಆ ಮೇಷ್ಟ್ರು ಪುರಿ ನೋಡಿದವರಲ್ಲ. ಈ ಪತ್ರಿಕೆ ಓದುವ ಮೇಷ್ಟ್ರುಗಳೂ ನೋಡಬೇಕಾಗಿಲ್ಲ. ನಿಮ್ಮ ಶಾಲೆಯ ಒಲೆಯ ಮುಂದೆ ಯಾರು ಕೂತಿದ್ದಾಳೆ, ಡಬ್ಬಿ ತರುವ ಮಕ್ಕಳು ಎಷ್ಟು, ಇಷ್ಟು ನೋಡಿ ಸಾಕು. ನಾಳೆ ಹನ್ನೆರಡೂವರೆಗೆ ಗಂಟೆ ಹೊಡೆದಾಗ ಮೊದಲ ತಟ್ಟೆ ನೀವು ಹಿಡಿಯಿರಿ.